ಶ್ರಮಿಕರ ಶಾಸನಕಾರ ಡಾ. ಭೀಮರಾವ ಅಂಬೇಡ್ಕರರು

ಡಾ. ಬಾಬಾಸಾಹೇಬ ಅಂಬೇಡ್ಕರರ ಹೆಸರನ್ನು ನೆನೆದೊಡನೆ ಭಾರತದ ಸಂವಿಧಾನವು ಕಣ್ಣೆದುರು ನಿಲ್ಲುವುದು ಸ್ವಾಭಾವಿಕವೇ. ಆದರೆ ಆ ಮಹಾಕಾರ್ಯಕ್ಕೆ ಕೈಯಿಕ್ಕುವುದಕ್ಕೆ ಎಷ್ಟೋ ಮುನ್ನ ಅವರು ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ ಕುಳಿತು ಕೂಲಿಕಾರರ, ಗೇಣಿದಾರರ, ಊರ ಸೇವೆಗೆ ಕಟ್ಟುಬಿದ್ದವರ ಪರವಾಗಿ ವಾದಿಸಿದ್ದರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಬೆಳಗಾವಿ ಜಿಲ್ಲೆಯವರು ಇದನ್ನು ವಿಶೇಷವಾಗಿ ತಿಳಿದಿರಬೇಕು. ಏಕೆಂದರೆ ಆ ಸಭೆ ಪರಸ್ಥಳದ ಸಭೆಯಲ್ಲ. ಚಿಕ್ಕೋಡಿ, ಅಥಣಿ ತಾಲೂಕುಗಳೂ, ಅವುಗಳೊಳಗಿದ್ದ ನಿಪ್ಪಾಣಿ, ಕಾಗವಾಡಗಳೂ ಆಗ ಮುಂಬಯಿ ಪ್ರಾಂತದಲ್ಲಿದ್ದವು. ಇಲ್ಲಿಯ ಹೊಲದ ಕಂದಾಯ, ಸಾಲೆಯ ಅನುದಾನ, ಚಾವಡಿಯ ಚಾಕರಿ ಎಲ್ಲವೂ ಆ ಸಭೆಯ ಕಾಯದೆಗಳಿಂದಲೇ ನಡೆಯುತ್ತಿದ್ದವು. ರಾಯಬಾಗ ಮಾತ್ರ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಈ ವ್ಯತ್ಯಾಸವು ಮುಂದೆ ಹೇಳಲಿರುವ ವತನದ ಪ್ರಕರಣದಲ್ಲಿ ಮಹತ್ವ ಪಡೆಯುತ್ತದೆ.

ಭೀಮರಾಯರು 1891ನೆಯ ಏಪ್ರಿಲ್ 14ರಂದು ಮಧ್ಯ ಭಾರತದ ಮಹೂ ಎಂಬ ಸೈನ್ಯದ ಠಾಣ್ಯದಲ್ಲಿ ಜನಿಸಿದರು. ತಂದೆ ರಾಮಜಿ ಸಕಪಾಳರು ಸೈನ್ಯದಲ್ಲಿ ಸುಭೇದಾರರು. ಮನೆತನದ ಮೂಲಸ್ಥಾನ ರತ್ನಾಗಿರಿ ಜಿಲ್ಲೆಯ ಅಂಬಾವಡೆ. ಸಾತಾರೆಯಲ್ಲಿಯೂ ಮುಂಬಯಿಯಲ್ಲಿಯೂ ಸಾಲೆ ಕಲಿತು, 1912ರಲ್ಲಿ ಪದವೀಧರರಾಗಿ, ಬಡೋದೆಯ ಸಯಾಜಿರಾವ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿಂದ ಲಂಡನ್ನಿಗೆ ಹೋದರು. ಅರ್ಥಶಾಸ್ತ್ರದಲ್ಲಿ ಎರಡು ವಿಶ್ವವಿದ್ಯಾಲಯಗಳ ಉನ್ನತ ಪದವಿ, ಮೇಲೆ ಬ್ಯಾರಿಸ್ಟರಿಕೆ. ತರಗತಿಯಲ್ಲಿ ಬೇರೆ ಕುಳಿತು, ನೀರು ಬೇಡಿ ಕುಡಿದು ಕಲಿತ ಬಾಲಕನೊಬ್ಬನು ಏರಿದ ಈ ಎತ್ತರದ ಕಥೆಯನ್ನು ಮಕ್ಕಳೂ ಬಲ್ಲರಾದುದರಿಂದ ಇಲ್ಲಿ ಬೆಳೆಸಬೇಕಾಗಿಲ್ಲ. ಒಂದನ್ನು ಮಾತ್ರ ಗಮನಿಸಬೇಕು. ಅವರು ಆಳವಾಗಿ ಅಭ್ಯಸಿಸಿದ ವಿಷಯಗಳು ಪ್ರಾಂತಗಳ ಹಣಕಾಸು, ರೂಪಾಯಿಯ ಮೌಲ್ಯ ಇಂಥವು. ಶಾಸನಸಭೆಯಲ್ಲಿ ಅವರ ಮಾತಿಗೆ ಬಂದ ತೂಕವು ಈ ಅಭ್ಯಾಸದಿಂದ ಬಂದುದು. ಕಷ್ಟವನ್ನು ಬಣ್ಣಿಸುವವರು ಆ ಸಭೆಯಲ್ಲಿ ಬೇರೆಯವರೂ ಇದ್ದರು. ಕಷ್ಟದ ಲೆಕ್ಕವನ್ನು ಬಿಡಿಸಿ ತೋರಿಸಬಲ್ಲವರು ವಿರಳ.

ಈ ಸೀಮೆಗೂ ಅವರಿಗೂ ಸಂಬಂಧ ಬೆಳೆದುದು ಕೊಲ್ಹಾಪುರದ ಶಾಹೂ ಮಹಾರಾಜರ ಮೂಲಕ. ನಿಪ್ಪಾಣಿಯಿಂದ ಬಹುದೂರವಲ್ಲದ ಮಾಣಗಾವಿಯಲ್ಲಿ 1920ರ ಮಾರ್ಚ ತಿಂಗಳಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಪರಿಷತ್ತು ನೆರೆದಾಗ ಅಧ್ಯಕ್ಷತೆ ವಹಿಸಿದವರು ಇನ್ನೂ 29 ತುಂಬದ ಅಂಬೇಡ್ಕರರು. ಮಹಾರಾಜರು ತಾವೇ ಬಂದು, ಆ ಜನರಿಗೆ ಅವರದೇ ಆದ ಮುಂದಾಳು ದೊರೆತನೆಂದು ಸಂತೋಷಪಟ್ಟರು. ಅಂಬೇಡ್ಕರರು ಎರಡನೆಯ ಸಲ ಲಂಡನ್ನಿಗೆ ಹೋದಾಗ ಮಹಾರಾಜರ ದ್ರವ್ಯಸಹಾಯವೂ ಒದಗಿತು. 1922ರಲ್ಲಿ ಮಹಾರಾಜರು ತೀರಿಕೊಂಡರು. 1924ರಲ್ಲಿ ಅಂಬೇಡ್ಕರರು ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯನ್ನು ಸ್ಥಾಪಿಸಿದರು; ಮರುವರ್ಷ ಏಪ್ರಿಲ್ ತಿಂಗಳಲ್ಲಿ ನಿಪ್ಪಾಣಿಯಲ್ಲಿ ಸೇರಿದ ಪ್ರಾಂತಿಕ ಬಹಿಷ್ಕೃತ ಪರಿಷತ್ತಿಗೆ ಅಧ್ಯಕ್ಷರಾಗಿ ಬಂದರು. ತಂಬಾಕಿನ ವ್ಯಾಪಾರದಿಂದ ಹೆಸರಾದ ಆ ಊರು ಇವರ ಚಳವಳಿಯ ಇತಿಹಾಸದಲ್ಲಿ ಹೀಗೆ ಮೊದಲ ಪುಟಗಳಲ್ಲಿಯೇ ಸ್ಥಾನ ಪಡೆಯಿತು.

1927ರಲ್ಲಿ ಸರಕಾರವು ಅವರನ್ನು ಮುಂಬಯಿ ಶಾಸನ ಪರಿಷತ್ತಿಗೆ ನಾಮಕರಣ ಸದಸ್ಯರನ್ನಾಗಿ ತೆಗೆದುಕೊಂಡಿತು. ಸರಕಾರದ ಕೃಪೆಯಿಂದ ಬಂದವರು ಸರಕಾರದ ಪಕ್ಷಕ್ಕೆ ತಲೆದೂಗುವರೆಂಬುದು ಆ ಕಾಲದ ರೂಢಿ. ಈ ಸದಸ್ಯರು ಮಾತ್ರ ಫೆಬ್ರುವರಿಯಲ್ಲಿ ಮಾಡಿದ ಮೊದಲ ಅಂದಾಜುಪತ್ರಿಕೆಯ ಭಾಷಣದಲ್ಲಿಯೇ ಕಂದಾಯ ಪದ್ಧತಿಯ ಬೇರನ್ನು ಅಲುಗಿಸಿದರು. ಆದಾಯ ತೆರಿಗೆಯವನು ಇಷ್ಟು ಗಳಿಕೆಯ ಮೇಲೆ ಮಾತ್ರ ತೆರಿಗೆ ಕೊಡುತ್ತಾನೆ. ಅದಕ್ಕಿಂತ ಕಡಿಮೆ ಗಳಿಸಿದರೆ ಅವನಿಗೆ ವಿನಾಯಿತಿ. ಒಕ್ಕಲಿಗನಿಗಾದರೋ ಹೊಲ ಬೆಳೆಯಲಿ ಬಿಡಲಿ, ಒಂದು ಎಕರೆ ಇರಲಿ ನೂರು ಎಕರೆ ಇರಲಿ, ಕಂದಾಯ ತಪ್ಪಿದ್ದಲ್ಲ. ಈ ತಾರತಮ್ಯವನ್ನು ಅವರು ಸಭೆಯ ಮುಂದಿಟ್ಟರು. ಅದೇ ವರ್ಷ ಚಿಕ್ಕ ಹಿಡುವಳಿಗಳನ್ನು ಕೂಡಿಸುವ ಮಸೂದೆ ಬಂದಾಗಲೂ ಅವರ ವಾದ ಸರ್ವಸಾಮಾನ್ಯವಾಗಿರಲಿಲ್ಲ. ಹೊಲ ಲಾಭದಾಯಕವೋ ಅಲ್ಲವೋ ಎಂಬುದು ಎಕರೆಗಳಿಂದ ನಿರ್ಣಯವಾಗದು, ಅದಕ್ಕೆ ಹಾಕಿದ ಬಂಡವಾಳ ದುಡಿಮೆಗಳಿಂದ ನಿರ್ಣಯವಾಗುವುದೆಂದೂ, ಸಣ್ಣ ರೈತನ ಕೈಯಿಂದ ಭೂಮಿಯನ್ನು ಬಿಡಿಸುವುದಕ್ಕಿಂತ ಸಹಕಾರದ ಬೇಸಾಯ ಲೇಸೆಂದೂ ಅವರು ಪ್ರತಿಪಾದಿಸಿದರು.

1928ನೆಯ ಜುಲೈ ತಿಂಗಳಲ್ಲಿ ಕಾರ್ಖಾನೆಯ ಹೆಂಗಸರಿಗೆ ಹೆರಿಗೆಯ ಕಾಲದ ಭತ್ಯವನ್ನು ಕೊಡುವ ಮಸೂದೆ ಚರ್ಚೆಗೆ ಬಂದಿತು. ಗಿರಣಿಯ ಒಡೆಯರಿಗೆ ಇದೊಂದು ದಂಡವೆಂದು ತೋರಿತ್ತು. ಅಂಬೇಡ್ಕರರು ಮಸೂದೆಯನ್ನು ಬೆಂಬಲಿಸಿದರು. ಬಾಣಂತಿಯ ವಿಶ್ರಾಂತಿ ಅವಳೊಬ್ಬಳ ಹಿತಕ್ಕಲ್ಲ, ರಾಷ್ಟ್ರದ ಹಿತಕ್ಕೆ. ಆದುದರಿಂದ ಭಾರದಲ್ಲಿ ಸರಕಾರದ ಪಾಲೂ ಇರತಕ್ಕದ್ದು. ಹಾಗೆಂದು ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲಿಕನು ಕೈ ತೊಳೆದುಕೊಳ್ಳುವಂತಿಲ್ಲ ಎಂಬುದು ಅವರ ನಿಲುವು. 1929ರಲ್ಲಿ ಮಸೂದೆ ಕಾಯದೆಯಾಯಿತು. ಇದು ಕಾರ್ಖಾನೆಯ ಹೆಂಗಸರಿಗೆ ಸಂಬಂಧಿಸಿದುದು. ಮನೆಯ ಹೊಸ್ತಿಲಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸಿನವರೆಗೆ ಇಂಥ ರಕ್ಷಣೆ ಬರಲು 1966ರ ಬೀಡಿ ಮತ್ತು ಸಿಗಾರ ಕೆಲಸಗಾರರ ಕಾಯದೆಯೇ ಆಗಬೇಕಾಯಿತು. ನಿಪ್ಪಾಣಿಯ ಓಣಿಗಳಲ್ಲಿ ಈ ಮೂವತ್ತೇಳು ವರ್ಷಗಳ ಅಂತರದ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಆ ವರ್ಷಗಳಲ್ಲಿ ಅವರು ಕೈಗೆತ್ತಿಕೊಂಡ ಕಾರ್ಯಗಳಲ್ಲೆಲ್ಲ ಕಠಿಣವಾದುದು ವತನದ ಪ್ರಶ್ನೆ. ಇಂದಿನ ವಿದ್ಯಾರ್ಥಿಗಳಿಗೆ ವತನವೆಂದರೆ ಗೌರವದ ಇನಾಮೆಂಬ ಭಾವನೆ ಇರಬಹುದು. ಗೌಡಕಿ, ಕುಲಕರ್ಣಿಕೆಗಳ ವತನ ಹಾಗಿದ್ದಿತು ನಿಜ. ಕೆಳಗಿನ ಊರಸೇವಕರ ವತನ, ಅದರಲ್ಲಿಯೂ ಮಹಾರ ವತನವೆನಿಸಿಕೊಂಡದ್ದು, ಬೇರೆ ಬಗೆಯದು. 1874ರ ಮುಂಬಯಿ ವಂಶಪರಂಪರೆಯ ಹುದ್ದೆಗಳ ಕಾಯದೆಯ ಪ್ರಕಾರ ತುಂಡು ಭೂಮಿಗೆ ಪ್ರತಿಯಾಗಿ ಆ ಮನೆತನವು ಸರಕಾರದ ಚಾಕರಿಗೆ ಬದ್ಧ. ಟಪಾಲು ಒಯ್ಯುವುದು, ಕಂದಾಯದ ಹಣಕ್ಕೆ ಕಾವಲು ಹೋಗುವುದು, ಊರಿಗೆ ಬಂದ ಅಧಿಕಾರಿಯ ಸಾಮಾನು ಹೊರುವುದು, ಸಾವಿನ ಸುದ್ದಿ ಮುಟ್ಟಿಸುವುದು, ಹೊತ್ತಿಲ್ಲ ಗೊತ್ತಿಲ್ಲ. ಪಾಳಿಯವನು ಊರಲ್ಲಿಲ್ಲದಿದ್ದರೆ ಅವನ ತಂದೆ, ತಮ್ಮ, ಯಾರಾದರೂ ಬರಲೇಬೇಕು. ಭೂಮಿಯಾದರೋ ತಲೆಮಾರಿನಿಂದ ತಲೆಮಾರಿಗೆ ಹಂಚಿ ಹೋಗಿ ಹೆಜ್ಜೆಯಿಡುವಷ್ಟು ಉಳಿದಿರುತ್ತಿತ್ತು. ಉಳಿದ ಹೊಟ್ಟೆಗೆ ರಾಶಿಯ ಕಾಲದಲ್ಲಿ ಕಣದ ಅಂಚಿಗೆ ನಿಂತು ಬೇಡಿ ಪಡೆಯುವ ಆಯ. ಬೇರೆ ಉದ್ಯೋಗಕ್ಕೆ ಹೋಗುವ ಸ್ವಾತಂತ್ರ್ಯವಿಲ್ಲ, ಇರುವ ಉದ್ಯೋಗಕ್ಕೆ ಸಂಬಳವಿಲ್ಲ.

1928ನೆಯ ಮಾರ್ಚ 19ರಂದು ಅಂಬೇಡ್ಕರರು ಈ ಕಾಯದೆಗೆ ತಿದ್ದುಪಡಿಯ ಮಸೂದೆಯನ್ನು ಮಂಡಿಸಿದರು. ಅದರ ತಿರುಳು ಸರಳ. ಯಾವ ವತನದಾರನು ಚಾಕರಿಯನ್ನು ಬಿಡಬಯಸುವನೋ ಅವನು ತನ್ನ ಭೂಮಿಗೆ ಪೂರ್ಣ ಕಂದಾಯ ತೆತ್ತು ಸಾಮಾನ್ಯ ರೈತನಾಗಲಿ. ಚಾಕರಿಯಲ್ಲಿ ಉಳಿಯುವವನಿಗೆ ಸಿಗುವ ಆಯವನ್ನು ಹಣದ ರೂಪಕ್ಕೆ ತಿರುಗಿಸಿ ಕಂದಾಯದ ಜೊತೆಗೆ ವಸೂಲು ಮಾಡಿ ಸರಕಾರವೇ ಅವನಿಗೆ ಕೊಡಲಿ. ಸರಕಾರದ ಕೆಲಸ ಮಾಡುವವನಿಗೆ ಸರಕಾರ ಕೂಲಿ ಕೊಡಬೇಕೆಂಬುದಕ್ಕಿಂತ ಹೆಚ್ಚಿನದೇನನ್ನೂ ಅವರು ಕೇಳಿರಲಿಲ್ಲ. ಆದರೂ ವಿರೋಧ ಎಲ್ಲ ಕಡೆಯಿಂದ ಬಂದಿತು. ಬಿಟ್ಟಿಯ ಚಾಕರಿ ತಪ್ಪುವುದೆಂದು ಕಂದಾಯ ಖಾತೆಗೆ ಚಿಂತೆ. ಆಯದ ಬದಲು ಹಣ ಕೊಡಬೇಕಾದೀತೆಂದು ಹಿಡುವಳಿದಾರರಿಗೆ ಚಿಂತೆ. ಇದ್ದ ತುಂಡು ಭೂಮಿಯೂ ಹೋದೀತೆಂದು ಸ್ವತಃ ವತನದಾರರಲ್ಲಿ ಕೆಲವರಿಗೆ ಅಂಜಿಕೆ. ಅಂಬೇಡ್ಕರರು ಸಭೆ ಸಭೆಗಳಲ್ಲಿ ತಮ್ಮವರಿಗೇ ತಿಳಿಸಿ ಹೇಳಬೇಕಾಯಿತು. ಮಸೂದೆ ಆಯ್ದ ಸಮಿತಿಗೆ ಹೋಗಿ ರೂಪಗೆಟ್ಟಿತು. 1929ರಲ್ಲಿ ಅವರು ಅದನ್ನು ಹಿಂದೆಗೆದುಕೊಂಡರು.

ಇಲ್ಲಿ ರಾಯಬಾಗದ ಮಾತು ಬರುತ್ತದೆ. ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1918ರಷ್ಟು ಹಿಂದೆಯೇ ಮಹಾರ ವತನವನ್ನು ರದ್ದು ಮಾಡಿ ಭೂಮಿಯನ್ನು ರೈತಾವಿಗೆ ತಿರುಗಿಸಲು ಅಪ್ಪಣೆ ಹೊರಡಿಸಿದ್ದರು. ಹೀಗೆ ಸಂಸ್ಥಾನದ ಗಡಿಯ ಆಚೆ ಅರಸನ ಒಂದು ಹುಕುಮಿನಿಂದ ಆದುದು, ಈಚೆಯ ಚಿಕ್ಕೋಡಿ ಅಥಣಿಗಳಲ್ಲಿ ಚರ್ಚೆ, ಸಮಿತಿ, ಮತಗಣನೆಗಳೆಲ್ಲ ಇದ್ದೂ ಆಗಲಿಲ್ಲ. ಪ್ರಜಾಸಭೆಯಲ್ಲಿ ಬಡವನ ಮಸೂದೆಗೆ ಮತ ಬೇಕು, ಮತಕ್ಕೆ ಪಕ್ಷ ಬೇಕು ಎಂಬುದು ಅಂಬೇಡ್ಕರರಿಗೆ ಮನದಟ್ಟಾದುದು ಈ ಅನುಭವದಿಂದಲೇ ಇದ್ದೀತು.

ಅದೇ ಕಾಲಕ್ಕೆ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದೊಡ್ಡ ಮುಷ್ಕರ ನಡೆದಿತ್ತು. 1928ರಲ್ಲಿ ತಿಂಗಳುಗಟ್ಟಲೆ ಗಿರಣಿಗಳು ನಿಂತವು. ಕಾರ್ಮಿಕ ನಾಯಕರು ಮಾಲಿಕರಿಗೆ ಸಲ್ಲಿಸಿದ ಬೇಡಿಕೆಗಳ ನಡುವೆ ಅಂಬೇಡ್ಕರರು ಇನ್ನೊಂದು ಬೇಡಿಕೆಯನ್ನು ಸೇರಿಸಲು ಹಟ ಹಿಡಿದರು. ಹೆಚ್ಚು ಕೂಲಿಯ ನೇಯ್ಗೆ ಖಾತೆಯಲ್ಲಿ ಅಸ್ಪೃಶ್ಯ ಕಾರ್ಮಿಕರಿಗೆ ಪ್ರವೇಶವಿರಲಿಲ್ಲ. ಕಡಿದ ಎಳೆಯನ್ನು ಎಂಜಲು ಹಚ್ಚಿ ಜೋಡಿಸುವ ರೂಢಿಯಿದ್ದುದರಿಂದ ಉಳಿದ ನೇಕಾರರು ಅವರ ಕೈಯ ಎಳೆಯನ್ನು ಮುಟ್ಟಲು ಒಪ್ಪುತ್ತಿರಲಿಲ್ಲ. ಅಡ್ಡಗೋಡೆ ಕಟ್ಟಿದವರು ಮಾಲಿಕರಲ್ಲ, ಕಾರ್ಮಿಕರೇ. ದುಡಿಯುವವರ ಒಗ್ಗಟ್ಟನ್ನು ಕುರಿತು ಮಾತನಾಡುವ ಮುನ್ನ ಈ ಗೋಡೆಯನ್ನು ಕೆಡವಿರಿ ಎಂಬುದು ಅವರ ಪಟ್ಟು. ಮುಂದೆ 1938ರಲ್ಲಿ ಮನಮಾಡದಲ್ಲಿ ರೇಲ್ವೆಯ ದಲಿತ ಕಾರ್ಮಿಕರ ಪರಿಷತ್ತಿನಲ್ಲಿ ಅವರು ದುಡಿಯುವವರಿಗೆ ಬಂಡವಾಳಶಾಹಿಯೂ ಬ್ರಾಹ್ಮಣ್ಯವೂ ಸಮಾನ ಶತ್ರುಗಳೆಂದು ಸಾರಿದರು. ಬ್ರಾಹ್ಮಣ್ಯವೆಂದು ಅವರು ಹೇಳಿದುದು ಒಂದು ಜಾತಿಯನ್ನಲ್ಲ, ಸಮಾನತೆಯನ್ನು ಒಪ್ಪದ ಮನೋಭಾವವನ್ನು. ಅದು ಯಾವ ಜಾತಿಯಲ್ಲಿಯೂ ಇರಬಲ್ಲುದೆಂದು ಅವರೇ ಸ್ಪಷ್ಟಪಡಿಸಿದ್ದಾರೆ.

ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಇನ್ನೊಂದು ಕಾರ್ಯವನ್ನು ಹೇಳದೆ ಬಿಡಲಾಗದು. 1928ರಲ್ಲಿ ಅವರು ದಲಿತ ವರ್ಗಗಳ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಮುಂಬಯಿ ಸರಕಾರದ ಅನುದಾನ ಪಡೆದು, ಪ್ರೌಢಶಾಲೆಯ ವಿದ್ಯಾರ್ಥಿಗಳಿಗಾಗಿ ಐದು ವಸತಿಗೃಹಗಳನ್ನು ನಡೆಯಿಸಿದರು: ಪನವೇಲ, ಠಾಣೆ, ನಾಸಿಕ, ಪುಣೆ, ಧಾರವಾಡ. ಕನ್ನಡ ನಾಡಿನ ಪಾಲಿಗೆ ಬಂದ ಧಾರವಾಡದ ಬೋರ್ಡಿಂಗಿನ ಹೊಣೆಯನ್ನು ಹೊತ್ತವರು ನಿಪ್ಪಾಣಿಯ ಬಳವಂತರಾವ ಹಣಮಂತರಾವ ವರಾಳೆಯವರು. ಅನ್ನ, ಹಾಸಿಗೆ, ಪುಸ್ತಕಗಳಿಗೆ ಹಣ ಸಾಲದೆ ಬರುವ ದಿನಗಳ ಕಷ್ಟ ಎಂಥದೆಂಬುದು ಉಚಿತ ಪ್ರಸಾದನಿಲಯಗಳನ್ನು ನಡೆಯಿಸಿದವರಿಗೆ ತಿಳಿಯದ ಸಂಗತಿಯಲ್ಲ.

1930ರಿಂದ 1932ರ ವರೆಗಿನ ದುಂಡುಮೇಜಿನ ಪರಿಷತ್ತುಗಳು, ಪುಣೆಯ ಒಪ್ಪಂದ, ನಾಸಿಕದ ಮಂದಿರ ಸತ್ಯಾಗ್ರಹ, 1935ರ ಯೇವಲೆಯ ಘೋಷಣೆ ಇವೆಲ್ಲ ಬೇರೆ ಗ್ರಂಥಗಳ ವಿಷಯ. ಶಾಸನಸಭೆಯ ಕಥೆಗೆ ಬೇಕಾದುದು 1936ರ ಆಗಸ್ಟ ತಿಂಗಳು. ಆಗ ಅವರು ಸ್ವತಂತ್ರ ಮಜೂರ ಪಕ್ಷವನ್ನು ಸ್ಥಾಪಿಸಿದರು. ಹೆಸರಿನಲ್ಲಿ ಜಾತಿಯಿಲ್ಲ, ಮಜೂರಿಯಿದೆ. ಕಾರ್ಖಾನೆಯಲ್ಲಿ ಕೆಲಸದ ಅವಧಿಗೆ ಮಿತಿ, ಯೋಗ್ಯವಾದ ಕೂಲಿ, ಗೇಣಿದಾರರಿಗೆ ರಕ್ಷಣೆ, ಭೂ ಅಡವು ಬ್ಯಾಂಕುಗಳು, ಸಹಕಾರಿ ಸಂಘಗಳು, ತಾಂತ್ರಿಕ ಶಿಕ್ಷಣ, ಅವಶ್ಯವೆನಿಸಿದ ಉದ್ಯಮಗಳಿಗೆ ಸರಕಾರದ ಒಡೆತನ. ಇವು ಅದರ ಕಾರ್ಯಕ್ರಮಗಳು.

1937ರ ಫೆಬ್ರುವರಿಯಲ್ಲಿ ಹೊಸ ಕಾಯದೆಯ ಪ್ರಕಾರ 175 ಸ್ಥಾನಗಳ ಮುಂಬಯಿ ವಿಧಾನಸಭೆಗೆ ಚುನಾವಣೆ ನಡೆಯಿತು. ಮಜೂರ ಪಕ್ಷವು 17 ಸ್ಥಾನಗಳಿಗೆ ನಿಂತು ಎರಡು ಮೂರನ್ನು ಬಿಟ್ಟು ಉಳಿದೆಲ್ಲವನ್ನು ಗೆದ್ದಿತು. ಮುಂಬಯಿ ನಗರದಲ್ಲಿ ಅಂಬೇಡ್ಕರರಿಗೆ ಎದುರಾಗಿ ಕಾಂಗ್ರೆಸ್ ನಿಲ್ಲಿಸಿದ್ದು ಪ್ರಖ್ಯಾತ ಕ್ರಿಕೆಟ್ ಆಟಗಾರ ಪಾಲವಣಕರ ಬಾಳೂ ಅವರನ್ನು. ದಲಿತ ಮನೆತನದಲ್ಲಿ ಜನಿಸಿ, ಎಡಗೈ ಚೆಂಡೆಸೆತದಿಂದ ವಿಲಾಯತಿಯಲ್ಲಿಯೂ ಹೆಸರಾದ ಈ ಬಾಳೂ ಹುಟ್ಟಿದ್ದು ಧಾರವಾಡದಲ್ಲಿಯೇ ಎಂಬುದು ಕನ್ನಡಿಗರಿಗೆ ಸ್ವಾರಸ್ಯದ ಸಂಗತಿ. ಅಂತರ ಸುಮಾರು 2,000 ಮತಗಳಷ್ಟೇ, ಗೆಲುವು ಸುಲಭದ್ದಾಗಿರಲಿಲ್ಲ. ಇತ್ತ ಬೆಳಗಾವಿ ಉತ್ತರ ಮತಕ್ಷೇತ್ರದಿಂದ ಮಜೂರ ಪಕ್ಷದ ಸದಸ್ಯರಾಗಿ ಆರಿಸಿ ಬಂದವರು ಮೇಲೆ ಹೇಳಿದ ಬಳವಂತರಾವ ವರಾಳೆಯವರು. ಕೊಂಕಣ, ನಾಸಿಕ, ಖಾನದೇಶ, ಸಾತಾರೆಗಳ ಸದಸ್ಯರ ಸಾಲಿನಲ್ಲಿ ಕನ್ನಡ ಸೀಮೆಯಿಂದ ಹೋದ ಈ ಬೋರ್ಡಿಂಗಿನ ವ್ಯವಸ್ಥಾಪಕರು ಅಂಬೇಡ್ಕರರ ಹಿಂದೆ ಕುಳಿತರು.

ಅಂಬೇಡ್ಕರರು 1937ನೆಯ ಸಪ್ಟೆಂಬರ 17ರಂದು ಖೋತಿ ಪದ್ಧತಿಯ ನಿರ್ಮೂಲನಕ್ಕೆ ಮಸೂದೆಯನ್ನು ತಂದರು. ಕೊಂಕಣದಲ್ಲಿ ಖೋತನೆಂಬ ಮಧ್ಯವರ್ತಿಯು ರೈತರಿಂದ ಕಂದಾಯವನ್ನು ವಸೂಲು ಮಾಡಿ ಸರಕಾರಕ್ಕೆ ಕಟ್ಟುತ್ತ, ನಡುವೆ ಅದಕ್ಕಿಂತ ಹೆಚ್ಚು ಗೇಣಿಯನ್ನೂ ಬಿಟ್ಟಿ ದುಡಿಮೆಯನ್ನೂ ಹೀರುತ್ತಿದ್ದನು. ಅವನನ್ನು ತೆಗೆದುಹಾಕಿ, ಯೋಗ್ಯ ಪರಿಹಾರ ಕೊಟ್ಟು, ಭೂಮಿಯನ್ನು ಉಳುವ ಕುಣಬಿ ಮುಂತಾದ ರೈತರನ್ನು ಸರಕಾರದ ನೇರ ಹಿಡುವಳಿದಾರರನ್ನಾಗಿ ಮಾಡಬೇಕೆಂಬುದು ಮಸೂದೆ. ಈ ರೈತರಲ್ಲಿ ದಲಿತರು ಕೆಲವರು, ದಲಿತರಲ್ಲದವರೇ ಹೆಚ್ಚು. ಅಂಬೇಡ್ಕರರು ತಮ್ಮ ಜಾತಿಗಾಗಿ ಮಾತ್ರ ಹೋರಾಡಿದರೆಂದು ತಿಳಿದವರು ಈ ಒಂದು ಮಸೂದೆಯನ್ನು ಮರೆತಿರುತ್ತಾರೆ. 1938ರ ಜನವರಿಯಲ್ಲಿ ಸಾವಿರಾರು ಕೊಂಕಣದ ರೈತರು ಹಡಗು, ರೇಲುಗಳಲ್ಲಿ ಮುಂಬಯಿಗೆ ಬಂದು ಶಾಸನಸಭೆಯವರೆಗೆ ಮೆರವಣಿಗೆ ನಡೆದರು. ಮುಖ್ಯಮಂತ್ರಿ ಬಾಳಾಸಾಹೇಬ ಖೇರರಿಗೆ ಬೇಡಿಕೆಗಳನ್ನು ಒಪ್ಪಿಸಲಾಯಿತು. ಮಸೂದೆ ಮಾತ್ರ ಮುಂದುವರಿಯಲಿಲ್ಲ.

ಅದೇ ವರ್ಷದ ಏಪ್ರಿಲ್ 4ರಂದು ನಡೆದುದು ಕನ್ನಡಿಗರು ಸುಮ್ಮನೆ ದಾಟಿಹೋಗಲಾಗದ ಪ್ರಸಂಗ. ಪ್ರತ್ಯೇಕ ಕರ್ನಾಟಕ ಪ್ರಾಂತ ರಚನೆಯಾಗಬೇಕೆಂಬ ಠರಾವು ಸಭೆಯ ಮುಂದೆ ಬಂದಾಗ ಅಂಬೇಡ್ಕರರು ಅದನ್ನು ವಿರೋಧಿಸಿದರು. ಭಾಷೆಯ ನಿಷ್ಠೆ, ಪ್ರಾಂತದ ನಿಷ್ಠೆಗಳು ಬಲಿತರೆ ಇನ್ನೂ ಮೊಳಕೆಯಲ್ಲಿರುವ ಭಾರತೀಯತೆಯ ಭಾವನೆ ಕಮರಿಹೋದೀತೆಂಬುದು ಅವರ ಮುಖ್ಯ ಭೀತಿ. ಭಾಷಾಪ್ರಾಂತಗಳಲ್ಲಿ ಒಂದೊಂದು ದೊಡ್ಡ ಜಾತಿಯ ಕೈಗೆ ಆಳಿಕೆ ಸೇರಿ ಚಿಕ್ಕ ಸಮಾಜಗಳು ಮೂಲೆಗೆ ಬಿದ್ದಾವೆಂಬ ಇನ್ನೊಂದು ಅಂಜಿಕೆಯನ್ನು ಅವರು ಮುಂದೆ 1955ರಲ್ಲಿ ಭಾಷಾವಾರು ರಾಜ್ಯಗಳನ್ನು ಕುರಿತ ಪುಸ್ತಕದಲ್ಲಿ ಬಿಡಿಸಿ ಬರೆದರು. ಆ ಪುಸ್ತಕದಲ್ಲಿಯೇ ಒಂದು ರಾಜ್ಯಕ್ಕೆ ಒಂದೇ ಭಾಷೆಯಿರುವುದು ಆಡಳಿತಕ್ಕೂ ಪ್ರಜಾಪ್ರಭುತ್ವಕ್ಕೂ ಹಿತವೆಂದು ಒಪ್ಪಿಕೊಂಡರು. ಏಕೀಕರಣಕ್ಕಾಗಿ ದುಡಿದ ಹಿರಿಯರಿಗೆ 1938ರ ಆ ಭಾಷಣ ನೋವು ತಂದಿದ್ದರೆ ಆಶ್ಚರ್ಯವಿಲ್ಲ. ಏಕೀಕರಣದ ಬೇಡಿಕೆ ನ್ಯಾಯವಾದುದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಎರಡನೆಯ ಅಂಜಿಕೆಯು ಈ ಭಾಗದ ಬಹುಸಂಖ್ಯಾಕ ಸಮಾಜಗಳಿಗೆ ರುಚಿಸದಿದ್ದರೂ ಅವರೇ ಮೊದಲು ಕಿವಿಗೊಡಬೇಕಾದದ್ದು. ಊರ ಚಾವಡಿಯಲ್ಲಿ ದೊಡ್ಡವರ ಮಾತೇ ಕಾಯದೆಯಾಗಿದ್ದುದನ್ನು ಕಂಡವರು ಪ್ರಾಂತದ ಚಾವಡಿಯ ಬಗೆಗೂ ಹಾಗೆಯೇ ಶಂಕಿಸಿದರು.

ಶಾಸನಸಭೆಯಲ್ಲಿ ಅವರ ಅತ್ಯಂತ ದೊಡ್ಡ ಸಂಗ್ರಾಮ ನಡೆದುದು 1938ರ ಸಪ್ಟೆಂಬರಿನಲ್ಲಿ. ಖೇರ ಮಂತ್ರಿಮಂಡಲವು ಔದ್ಯೋಗಿಕ ಕಲಹಗಳ ಮಸೂದೆಯನ್ನು ತಂದಿತು. ಕಾರ್ಮಿಕ ವಿಷಯಗಳಿಗೆ ಆಗ ಸಂಸದೀಯ ಕಾರ್ಯದರ್ಶಿಗಳಾಗಿದ್ದವರು ಗುಲ್ಜಾರಿಲಾಲ ನಂದಾ ಅವರು. ಮುಷ್ಕರಕ್ಕೆ ಮುನ್ನ ಸೂಚನೆ ಕೊಡಬೇಕು, ಸಂಧಾನ ಮುಗಿಯುವ ವರೆಗೆ ಕೆಲಸ ನಿಲ್ಲಿಸಬಾರದು, ನಿಲ್ಲಿಸಿದರೆ ಶಿಕ್ಷೆ ಎಂಬ ಕಲಮುಗಳು ಅದರಲ್ಲಿದ್ದವು. ಶಾಂತಿಗಾಗಿ ಮಾಡಿದ ಮಸೂದೆಯೆಂದು ಸರಕಾರ ಹೇಳಿತು. ಅಂಬೇಡ್ಕರರು 15ನೆಯ ತಾರೀಖಿನಂದು ಎದ್ದು ನಿಂತು ಕಾಯದೆಯ ಪಂಡಿತನ ಕ್ರಮದಲ್ಲಿಯೇ ಅದನ್ನು ಸೀಳಿದರು. ಕೆಲಸ ಮಾಡುವೆನೆಂಬ ಕರಾರನ್ನು ಮುರಿದರೆ ಅದು ದಿವಾಣಿ ತಪ್ಪು. ನಷ್ಟ ಕೇಳಬಹುದು, ಜೈಲಿಗೆ ಕಳಿಸಲಾಗದು. ಇಷ್ಟವಿಲ್ಲದ ಕೆಲಸವನ್ನು ಶಿಕ್ಷೆಯ ಭಯದಿಂದ ಮಾಡಿಸುವುದಕ್ಕೆ ಲೋಕದಲ್ಲಿ ಇರುವ ಹೆಸರು ದಾಸ್ಯ. ಮುಷ್ಕರವೆಂದರೆ ಮನುಷ್ಯನು ತನ್ನ ದುಡಿಮೆಯನ್ನು ತನಗೆ ಒಪ್ಪಿಗೆಯಾದ ಕರಾರಿನ ಮೇಲೆಯೇ ಕೊಡುವ ಸ್ವಾತಂತ್ರ್ಯ. ದೇಶಕ್ಕೆ ಸ್ವಾತಂತ್ರ್ಯ ಬೇಡುವ ಪಕ್ಷವು ಈ ಸ್ವಾತಂತ್ರ್ಯವನ್ನು ಅಪರಾಧವೆಂದು ಹೇಗೆ ಕರೆಯಬಲ್ಲುದು? ಕಾರ್ಮಿಕ ಸಂಘಕ್ಕೆ ಮನ್ನಣೆ ದೊರೆಯುವುದು ಮಾಲಿಕನ ಇಚ್ಛೆಯನ್ನು ಅವಲಂಬಿಸುವಂತಿದ್ದುದನ್ನೂ ಅವರು ಖಂಡಿಸಿದರು. ಹತ್ತು ವರ್ಷಗಳ ಹಿಂದೆ ಚಾವಡಿಯ ಚಾಕರಿಯನ್ನು ಬಿಟ್ಟರೆ ಶಿಕ್ಷೆಗೊಳಗಾಗುತ್ತಿದ್ದ ವತನದಾರನನ್ನು ಬಲ್ಲವರಿಗೆ ಈ ವಾದ ಎಲ್ಲಿಂದ ಬಂದಿತೆಂದು ಊಹಿಸುವುದು ಕಷ್ಟವಲ್ಲ.

ಮಸೂದೆ ಬಹುಮತದಿಂದ ಪಾಸಾಯಿತು. ನವೆಂಬರ 7ರಂದು ಮಜೂರ ಪಕ್ಷವೂ ಕಮ್ಯುನಿಸ್ಟರೂ ಇತರ ಕಾರ್ಮಿಕ ಸಂಘಗಳೂ ಒಂದುಗೂಡಿ ಒಂದು ದಿನದ ಮುಷ್ಕರ ಹೂಡಿದವು. ಸಿದ್ಧಾಂತದಲ್ಲಿ ಪರಸ್ಪರ ಒಪ್ಪದಿದ್ದ ಅಂಬೇಡ್ಕರರೂ ಡಾಂಗೆಯವರೂ ಅಂದು ಒಂದೇ ವೇದಿಕೆಯಲ್ಲಿದ್ದರು. ಮುಂಬಯಿಯಲ್ಲಿ ಗೋಲೀಬಾರು ನಡೆದು ಪ್ರಾಣಹಾನಿಯಾಯಿತು. ಕಾಯದೆ ಹಾಗೆಯೇ ಉಳಿಯಿತು. ಮರುವರ್ಷ ಮಹಾಯುದ್ಧ ಪ್ರಾರಂಭವಾಗಿ, ನವೆಂಬರಿನಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ರಾಜೀನಾಮೆ ಕೊಟ್ಟು, ಪ್ರಾಂತದಲ್ಲಿ ಗವರ್ನರರ ಆಡಳಿತ ಬಂದಿತು. ಮಜೂರ ಪಕ್ಷದ ಸಭಾಜೀವನವು ಮೂರು ವರ್ಷ ತುಂಬುವ ಮುನ್ನವೇ ಮುಗಿಯಿತು. ಲೆಕ್ಕ ಹಾಕಿದರೆ ಸೋಲುಗಳೇ ಹೆಚ್ಚು.

ಆದರೆ 1942ರ ಜುಲೈಯಲ್ಲಿ ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಸಮಿತಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾದರು. ವಿರೋಧಪಕ್ಷದಲ್ಲಿ ಆಡಿದ ಮಾತುಗಳನ್ನು ಕಾಯದೆಯ ಭಾಷೆಗೆ ತರುವ ಅವಕಾಶ ನಾಲ್ಕು ವರ್ಷ ದೊರೆಯಿತು. ಸರಕಾರ, ಮಾಲಿಕ, ಕಾರ್ಮಿಕರು ಮೂವರೂ ಸಮನಾಗಿ ಕುಳಿತು ಚರ್ಚಿಸುವ ತ್ರಿಪಕ್ಷೀಯ ಪರಿಷತ್ತು ಅವರ ಅಧ್ಯಕ್ಷತೆಯಲ್ಲಿ ನಡೆಯತೊಡಗಿತು. ಸಂಘಗಳಿಗೆ ಮಾಲಿಕನು ಮನ್ನಣೆ ಕೊಡಲೇಬೇಕೆಂಬ ಮಸೂದೆಯನ್ನು 1943ರಲ್ಲಿ ತಂದರು. ಅದು 1947ರಲ್ಲಿ ಪಾಸಾದರೂ ಜಾರಿಗೆ ಬರಲಿಲ್ಲವೆಂಬುದು ಬೇರೆ ದುರ್ದೈವ. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆ 1946ರಲ್ಲಿ 54 ತಾಸಿನಿಂದ 48ಕ್ಕೆ ಇಳಿಯಿತು. ಕಬ್ಬು ಅರೆಯುವ ಉಗಾರದಂಥ ಹಂಗಾಮಿನ ಕಾರ್ಖಾನೆಗಳನ್ನು 1948ರ ಕಾಯದೆಯು ಅದೇ ಮಿತಿಗೆ ತಂದಿತು. ಕನಿಷ್ಠ ಕೂಲಿಯ ಮಸೂದೆಯನ್ನು ಅವರು 1946ರ ಏಪ್ರಿಲಿನಲ್ಲಿ ಮಂಡಿಸಿದರು. 1948ರಲ್ಲಿ ಕಾಯದೆಯಾದಾಗ ಅದರ ಪಟ್ಟಿಯಲ್ಲಿ ಬೀಡಿ ಕಟ್ಟುವ ಕೆಲಸವೂ ಸೇರಿದ ತಂಬಾಕಿನ ಉದ್ಯೋಗವಿದ್ದಿತು. 1925ರಲ್ಲಿ ನಿಪ್ಪಾಣಿಯಲ್ಲಿ ಇಳಿದ ಅತಿಥಿಯ ಋಣ ಹೀಗೆ ತೀರಿತೆನ್ನಬೇಕು.

ಒಂದು ಪ್ರಸಂಗ ಮಾತ್ರ ಅವರಿಗೆ ಮುಜುಗರದ್ದಾಯಿತು. ಯುದ್ಧಕಾಲದ ಕಲ್ಲಿದ್ದಲಿನ ಕೊರತೆಯಿಂದ ಸರಕಾರವು 1943ರಲ್ಲಿ ಹೆಂಗಸರು ಗಣಿಯ ಒಳಗೆ ಇಳಿಯಬಾರದೆಂಬ ನಿಷೇಧವನ್ನು ತೆಗೆಯಿತು. ಹೆರಿಗೆಯ ಭತ್ಯಕ್ಕಾಗಿ ವಾದಿಸಿದವರೇ ಸಭೆಯಲ್ಲಿ ಇದನ್ನು ಸಮರ್ಥಿಸಬೇಕಾಯಿತು. ಗಂಡಸಿಗೆ ಸಮನಾದ ಕೂಲಿಯನ್ನು ಆ ಹೆಂಗಸರಿಗೆ ಕೊಡಿಸಿದೆವೆಂಬುದನ್ನು ಅವರು ಒತ್ತಿ ಹೇಳಿದರು. 1946ರ ಫೆಬ್ರುವರಿಯಲ್ಲಿ ನಿಷೇಧ ಮತ್ತೆ ಜಾರಿಗೆ ಬಂದಿತು.

ಆಮೇಲಿನ ಸಂವಿಧಾನ ರಚನೆ, ಕೇಂದ್ರದ ಕಾನೂನು ಮಂತ್ರಿತ್ವ, 1951ರ ರಾಜೀನಾಮೆ, 1952ರ ಲೋಕಸಭೆಯ ಚುನಾವಣೆಯ ಸೋಲು, ರಾಜ್ಯಸಭೆಯ ಸದಸ್ಯತ್ವ, 1956ನೆಯ ಅಕ್ಟೋಬರ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಎಲ್ಲವೂ ಸುಪರಿಚಿತ. ಅದೇ ವರ್ಷ ಡಿಸೆಂಬರ 6ರಂದು ದಿಲ್ಲಿಯಲ್ಲಿ ಅವರು ಕಾಲವಶರಾದರು. ಅದಕ್ಕೆ ಒಂದು ತಿಂಗಳು ಐದು ದಿನ ಮುನ್ನ, ನವೆಂಬರ 1ರಂದು, ಬೆಳಗಾವಿ ಜಿಲ್ಲೆಯು ಮುಂಬಯಿಯನ್ನು ಬಿಟ್ಟು ಕನ್ನಡಿಗರ ಹೊಸ ಮೈಸೂರು ರಾಜ್ಯದಲ್ಲಿ ಸೇರಿತ್ತು.

ಅವರು ಸೋತ ಮಸೂದೆಗಳು ಒಂದೊಂದಾಗಿ ಬೇರೆಯವರ ಕೈಯಿಂದ ಕಾಯದೆಗಳಾದವು. ಖೋತಿ ಪದ್ಧತಿಯನ್ನು ಮುಂಬಯಿ ಸರಕಾರ 1949ರ ಕಾಯದೆಯಿಂದ ಕಿತ್ತುಹಾಕಿತು. ಕೆಳದರ್ಜೆಯ ಊರ ವತನಗಳನ್ನು 1958ರ ಕಾಯದೆಯಿಂದ ರದ್ದು ಮಾಡಿತು. ಅಷ್ಟರಲ್ಲಿ ಬೆಳಗಾವಿ ಆ ರಾಜ್ಯದಲ್ಲಿರಲಿಲ್ಲವಾದುದರಿಂದ ಇಲ್ಲಿಯ ವತನದಾರರು ಇನ್ನೂ ಕಾಯಬೇಕಾಯಿತು. ಬಳವಂತರಾವ ವರಾಳೆಯವರು ಅಂಬೇಡ್ಕರರ ಸಹವಾಸದ ನೆನಪುಗಳನ್ನು ಮರಾಠಿಯಲ್ಲಿ ಬರೆದಿಟ್ಟರು. ನಿಪ್ಪಾಣಿಯಲ್ಲಿ ಹುಟ್ಟಿದ ಅವರ ಮೊಮ್ಮಗ ಪ್ರಸನ್ನ ವರಾಳೆಯವರು 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿ, 2024ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು.

ವತನದ ಬಿಡುಗಡೆ ಬಂದುದು ಬೆಂಗಳೂರಿನಿಂದ. ಅಂಬೇಡ್ಕರರು 1938ರಲ್ಲಿ ಯಾವ ಕನ್ನಡ ಪ್ರಾಂತವನ್ನು ಶಂಕಿಸಿದ್ದರೋ ಆ ನಾಡಿನ ವಿಧಾನಸಭೆಯೇ 1961ರಲ್ಲಿ ಗ್ರಾಮ ಹುದ್ದೆಗಳ ನಿರ್ಮೂಲನ ಕಾಯದೆಯನ್ನು ಮಾಡಿತು. 1963ನೆಯ ಫೆಬ್ರುವರಿ 1ರಂದು ಅದು ಜಾರಿಗೆ ಬಂದಾಗ, ಚಿಕ್ಕೋಡಿಯಿಂದ ಅಥಣಿಯ ವರೆಗಿನ ಚಾವಡಿಗಳಲ್ಲಿ ಗೌಡಕಿ ಕುಲಕರ್ಣಿಕೆಗಳ ಜೊತೆಗೆ ಕೆಳಗಿನ ಸೇವಕರ ವಂಶಪರಂಪರೆಯ ಚಾಕರಿಯೂ ಕೊನೆಗೊಂಡು, ವತನದ ಭೂಮಿಗಳು ಹಿಡಿದವರ ಹೆಸರಿಗೆ ಮರುಮಂಜೂರಾಗತೊಡಗಿದವು.